ಕೆ4ಎಂ ಬಿಟ್ಟು ಕೆ100ಎಂ ಹಾಕಿದೆ, ಗೆರೆ ಮಾತ್ರ ಕದಲಲಿಲ್ಲ

ನಿಧಾನವಾಗಿ ಔಷಧ ಬಿಡುವ ಮಾತ್ರೆಯ ಕೆಲಸ ಮೊದಲ ಸಲ ಕೈಗೆ ಬಂದಾಗ ನನ್ನ ಲೆಕ್ಕ ಸುಲಭವಾಗಿತ್ತು. ಪಾಲಿಮರ್ ಸರಪಳಿ ಉದ್ದವಾದಷ್ಟೂ ಔಷಧ ಹೊರಬರುವುದು ತಡ. ಅಷ್ಟೇ ಅಲ್ವಾ?

ಔಷಧ ಪ್ರೊಪ್ರನೊಲಾಲ್ ಹೈಡ್ರೋಕ್ಲೋರೈಡ್, ನೀರು ಕಂಡರೆ ಸಾಕು ಕರಗುತ್ತದೆ. ಪಾಲಿಮರ್ ಎಚ್‌ಪಿಎಂಸಿ. ನೀರು ಹೀರಿ ಜೆಲ್ ಆಗುವ, ಸೆಲ್ಯುಲೋಸಿನಿಂದ ಮಾಡಿದ ಪುಡಿ ಅದು. ಅದರ ಗ್ರೇಡ್ ಹೆಸರಲ್ಲೇ ಸರಪಳಿಯ ಸುಳಿವಿದೆ. 2% ದ್ರಾವಣದ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ಮಂದ ಎಂಬುದನ್ನು, 20 ಡಿಗ್ರಿಯಲ್ಲಿ ಅಳೆದರೆ ಕೆ100ಎಲ್‌ವಿ ಸುಮಾರು 100 ಮಿಲಿಪ್ಯಾಸ್ಕಲ್ ಸೆಕೆಂಡ್, ಕೆ4ಎಂ 4,000, ಕೆ100ಎಂ 1,00,000. ಸರಪಳಿ ಉದ್ದವಾದಂತೆ ದ್ರಾವಣ ಗಟ್ಟಿಯಾಗುತ್ತಾ ಹೋಗುತ್ತದೆ.

ಮೊದಲು ಕೆ100ಎಲ್‌ವಿ. ಮಾತ್ರೆಯಿಂದ ಔಷಧ ಎಷ್ಟು ಬೇಗ ಹೊರಬರುತ್ತದೆ ಎಂದು ಅಳೆಯುವ ಪಾತ್ರೆಯಲ್ಲಿ ಕಲಕುವ ಪ್ಯಾಡಲ್, 50 ಆರ್‌ಪಿಎಂ, 900 ಮಿಲಿಲೀಟರ್, 37 ಡಿಗ್ರಿ. ನಾಲ್ಕು ಗಂಟೆಗೆ ಮಾತ್ರೆ ಕಾಳಿನಷ್ಟಾಗಿತ್ತು. ಚಿಮಟದಲ್ಲಿ ಎತ್ತಿದರೆ ಲೋಳೆಯಂತೆ ಜಾರಿಹೋಯಿತು. ಚಿಕ್ಕ ಸರಪಳಿಗಳು ಒಂದಕ್ಕೊಂದು ಗಟ್ಟಿಯಾಗಿ ಹೆಣೆದುಕೊಳ್ಳುವುದಿಲ್ಲ. ನೀರು ಹೊಕ್ಕಂತೆ ಹೊರಪದರ ಬಿಡಿಸಿಕೊಂಡು ಹೋಗುತ್ತದೆ.

ಕೆ4ಎಂ ಹಾಕಿದಾಗ ಚೆನ್ನಾಗಿ ನಿಧಾನವಾಯಿತು. ಎರಡು ಗಂಟೆಗೆ ಒಂದು ಮಾತ್ರೆ ತೆಗೆದು ಬ್ಲೇಡಿನಲ್ಲಿ ಕೊಯ್ದೆ. ನಡುವೆ ಬಿಳಿ, ಒಣ ತಿರುಳು. ಸುತ್ತ ಮಸುಕು ಗಾಜಿನಂಥ ಜೆಲ್.

ಇನ್ನೂ ಸ್ವಲ್ಪ ತಡವಾಗಬೇಕಿತ್ತು. ಕೆ100ಎಂ ಹಾಕಿದೆ. ಜೆಲ್ ಒತ್ತಿದರೆ ರಬ್ಬರಿನಂತಿತ್ತು, ನನಗೋ ಖುಷಿ. ಎಷ್ಟು ಹೊತ್ತಿಗೆ ಎಷ್ಟು ಔಷಧ ಹೊರಬಂತು ಎಂಬ ಗ್ರಾಫ್ ನೋಡಿದರೆ ಹೊಸ ಗೆರೆ ಹಳೆಯದರ ಮೇಲೇ ಕೂತಿತ್ತು! ಸುಮ್ನೆ ಯಂತ್ರವನ್ನು ಬೈದು ಇನ್ನೊಮ್ಮೆ ಮಾಡಿದೆ. ಅದೇ ಗೆರೆ.

ಆಮೇಲೆ ತಲೆಗೆ ಹೊಳೆಯಿತು. ಇಷ್ಟು ಸುಲಭವಾಗಿ ಕರಗುವ ಔಷಧ ಜೆಲ್ ಸವೆಯಲಿ ಎಂದು ಕಾಯುವುದೇ ಇಲ್ಲ. ಸರಪಳಿಗಳ ನಡುವಿನ ನೀರಿನಲ್ಲೇ ದಾರಿ ಮಾಡಿಕೊಂಡು ಬರುತ್ತದೆ. ಜೆಲ್ ಬಿಡಿಸಿಕೊಳ್ಳದೆ ನಿಂತಮೇಲೆ ಸರಪಳಿ ಇನ್ನೆಷ್ಟು ಉದ್ದವಾದರೂ ಆ ನೀರಿನ ದಾರಿ ಅಷ್ಟಾಗಿ ಬದಲಾಗುವುದಿಲ್ಲ. ದಾರಿ ಇಕ್ಕಟ್ಟಾಗಬೇಕಾದರೆ ಪಾಲಿಮರ್ ಪಾಲೇ ಜಾಸ್ತಿಯಾಗಬೇಕು. ಕೆ4ಎಂ ಅನ್ನೇ ಮಾತ್ರೆಯ ತೂಕದ 20%ರಿಂದ 35%ಗೆ ಏರಿಸಿದೆ. ಗೆರೆ ಕೆಳಗಿಳಿಯಿತು.

ಈ ನಡುವೆ ಇನ್ನೊಂದು ಎಡವಟ್ಟು. ಒಂದು ಪಾತ್ರೆಯ ಫಲಿತಾಂಶ ಮಾತ್ರ ಕಡಿಮೆ ಬರುತ್ತಿತ್ತು. ಬಗ್ಗಿ ನೋಡಿದರೆ ಮಾತ್ರೆ ತಳಕ್ಕೆ ಅಂಟಿಕೊಂಡಿತ್ತು, ಕೆಳಗಿನ ಮೈಗೆ ನೀರೇ ತಾಗಿರಲಿಲ್ಲ. ಮಾತ್ರೆಯನ್ನು ಸಿಂಕರ್ ಎಂಬ ಪುಟ್ಟ ತಂತಿಗೂಡಿನೊಳಗೆ ಇಟ್ಟು ಬಿಟ್ಟಮೇಲೆ ಸರಿಹೋಯಿತು.

ಉಳಿದ ಕೆ100ಎಂ ಮುಂದೆ ಉಪಯೋಗಕ್ಕೆ ಬಂತು. ಆ ಸಲದ ಔಷಧ ನೀರಿನಲ್ಲಿ ಕರಗುವುದೇ ಅಪರೂಪ. ಜೆಲ್ ಸವೆದಂತೆಲ್ಲ ಅದರ ಜೊತೆಗೇ ಹೊರಬರಬೇಕು. ಅಲ್ಲಿ ಕೆ100ಎಲ್‌ವಿ, ಕೆ4ಎಂ, ಕೆ100ಎಂ ಮೂರೂ ಗೆರೆಗಳು ಬೇರೆ ಬೇರೆಯಾಗಿ ನಿಂತವು.