ಬಣ್ಣ ನೋಡಿ ಗುರುತಿಡುವ ಗುಳಗಿಗಳು: ಔಷಧಿ ಕೌಂಟರಿನಿಂದ ನನ್ನ ಅನುಭವ

ಯಾದಗಿರಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುವ ಕೆಲಸ ನನ್ನದು. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ಇದ್ದದ್ದು ಈ ಜಿಲ್ಲೆಯಲ್ಲಿ, ನೂರಕ್ಕೆ ಸುಮಾರು 52. ನನ್ನ ಕೌಂಟರಿಗೆ ಬಿಪಿ, ಶುಗರ್ ಗುಳಗಿಗೆ ಬರುವ ವಯಸ್ಸಾದವರಲ್ಲಿ ಓದು ಬರುವವರು ಇನ್ನೂ ಕಡಿಮೆ. ಅವರ ಕೈಗೆ ಇಂಗ್ಲಿಷಿನಲ್ಲಿ '1-0-1' (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಎಂದು ಬರೆದ ಚೀಟಿ ಕೊಟ್ಟು ಕಳಿಸಿದರೆ ಏನು ಪ್ರಯೋಜನ?

ಓದಲು ಬರುತ್ತಾ ಅಂತ ನಾನು ಯಾರನ್ನೂ ಕೇಳುವುದಿಲ್ಲ. ಕೇಳಿದರೆ "ಕನ್ನಡಕ ಮರೆತು ಬಂದೀನ್ರಿ" ಅನ್ನುತ್ತಾರೆ. ಸಾಲಿನಲ್ಲಿ ಹಿಂದೆ ಊರಿನವರೇ ನಿಂತಿರುತ್ತಾರೆ, ನಾಚಿಕೆ ಆಗುತ್ತದೆ ಅಲ್ವಾ? ಹಾಗಾಗಿ ಮೇಷ್ಟ್ರು ಬರಲಿ, ಕೂಲಿಯವರು ಬರಲಿ, ಎಲ್ಲರಿಗೂ ಒಂದೇ ರೀತಿ ಹೇಳುತ್ತೇನೆ. ಕನ್ನಡ ಚೆನ್ನಾಗಿ ಓದುವವರಿಗೂ ಇಂಗ್ಲಿಷಿನಲ್ಲಿರುವ ಔಷಧಿಯ ಹೆಸರು ತಿಳಿಯುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಬಣ್ಣ. ಓದು ಬಾರದವರು ಗುಳಗಿಯನ್ನು ಗುರುತಿಡುವುದು ಬಣ್ಣ, ಗಾತ್ರ, ಗುಳಗಿ ಪಟ್ಟಿಯ (ಸ್ಟ್ರಿಪ್) ಹೊಳಪು ನೋಡಿ. ಸರಬರಾಜು ಮಾಡುವ ಕಂಪನಿ ಬದಲಾದರೆ ಬಿಪಿಯ ಅದೇ ಅಮ್ಲೋಡಿಪಿನ್ ಗುಳಗಿ ಬೇರೆ ಬಣ್ಣದ ಪಟ್ಟಿಯಲ್ಲಿ ಬರುತ್ತದೆ. ಆಗ ಕೆಲವರು "ಇದು ನಂದಲ್ಲ" ಅಂತ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಹಳೆಯದರ ಜೊತೆಗೆ ಹೊಸದನ್ನೂ ನುಂಗುತ್ತಾರೆ. ಕಾಲು ಬಾತು, ತಲೆ ತಿರುಗುತ್ತದೆ ಎಂದು ಬಂದ ಒಬ್ಬ ಅಜ್ಜಿಯ ಸೆರಗಿನ ಗಂಟಿನಲ್ಲಿ ಎರಡೂ ಕಂಪನಿಯ ಪಟ್ಟಿ ಇದ್ದವು. ವೈದ್ಯರು ಹೇಳಿದ್ದಕ್ಕಿಂತ ಒಂದೂ ಹೆಚ್ಚು ನುಂಗಿಲ್ಲ ಎಂದೇ ಆಕೆ ನಂಬಿದ್ದರು.

ಅಂದಿನಿಂದ ಖಾಲಿ ಪಟ್ಟಿಯನ್ನೂ ಎಸೆಯದೆ ತನ್ನಿ ಅಂತ ಹೇಳುತ್ತೇನೆ. ದಾಸ್ತಾನು ಬದಲಾದಾಗ ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು "ಗುಳಗಿ ಅದೇ, ಅಂಗಿ ಬದಲಾಗಿದೆ" ಅನ್ನುತ್ತೇನೆ. ಹಳೆಯದು ಉಳಿದಿದ್ದರೆ ಎರಡಕ್ಕೂ ಸೇರಿಸಿ ಪಿನ್ ಹೊಡೆದು, ಮೇಲಿನದು ಮುಗಿದ ಮೇಲೆ ಕೆಳಗಿನದು ಎಂದು ಕೈಯಿಂದ ಮುಟ್ಟಿಸಿ ತೋರಿಸುತ್ತೇನೆ.

ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. ಅಳಿಸದ ಪೆನ್ನಿನಿಂದ ಪಟ್ಟಿಯ ಮೇಲೇ ಬರೆಯಬೇಕು. ಕಾಗದದ ಕವರು ಮನೆಗೆ ಹೋದ ಕೂಡಲೇ ಒಲೆ ಸೇರುತ್ತದೆ. ಮಧ್ಯಾಹ್ನಕ್ಕೂ ಒಂದು ಚಿತ್ರ ಹಾಕಿ ನೋಡಿದೆ, ಜನ ಅದನ್ನು ಬೆಳಗಿನ ಸೂರ್ಯನ ಜೊತೆ ಬೆರೆಸಿಕೊಂಡರು. ಈಗ ಸಾಧ್ಯವಿದ್ದ ಕಡೆ ಎರಡೇ ಹೊತ್ತಿಗೆ ಬರೆಯಿರಿ ಎಂದು ವೈದ್ಯರನ್ನೇ ಕೇಳಿಕೊಳ್ಳುತ್ತೇನೆ.

ಹೊತ್ತನ್ನು ಗಡಿಯಾರದಲ್ಲಿ ಹೇಳಬಾರದು, ರೊಟ್ಟಿಯಲ್ಲಿ ಹೇಳಬೇಕು. ಶುಗರ್‌ನ ಗ್ಲಿಮಿಪಿರೈಡ್ ನುಂಗಿ, ಏನೂ ತಿನ್ನದೆ ಹತ್ತಿ ಬಿಡಿಸಲು ಹೋದರೆ ರಕ್ತದ ಸಕ್ಕರೆ ಇಳಿದು, ಬೆವರಿ, ಹೊಲದಲ್ಲೇ ಬೀಳುತ್ತಾರೆ. ಅಂಥವರಿಗೆ "ಬುತ್ತಿ ಬಿಚ್ಚಿದಾಗ ನುಂಗಿ" ಎಂದರೆ ಸಾಕು, ಅದು ನೆನಪಿರುತ್ತದೆ.

"ತಿಳೀತಾ?" ಎಂಬ ಪ್ರಶ್ನೆಗೆ ನೂರಕ್ಕೆ ನೂರು ಜನ "ಹ್ಞೂಂ ರೀ" ಅನ್ನುತ್ತಾರೆ. ಅದರ ಬದಲು "ಮನೆಗೆ ಹೋಗಿ ಸೊಸೆಗೆ ಏನಂತ ಹೇಳ್ತೀರಿ?" ಎಂದು ಕೇಳಿದರೆ ಎಲ್ಲಿ ತಪ್ಪಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಇದಕ್ಕೆ ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ. ಸಾಲು ಉದ್ದ ಇದ್ದಾಗ ಹಿಂದಿನವರು ಗೊಣಗುತ್ತಾರೆ, ಗೊಣಗಲಿ.

ಮಕ್ಕಳ ಜ್ವರದ ಔಷಧಿಯಲ್ಲಂತೂ ನಾನು ಬಹಳ ಬಿಗಿ. ಪ್ಯಾರಾಸಿಟಮಾಲ್ ಹನಿ ಔಷಧಿಯ 1 ಮಿಲಿಯಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಾದರೆ 5 ಮಿಲಿಗೆ 125. ಅಂದರೆ ಹನಿ ನಾಲ್ಕು ಪಟ್ಟು ಗಟ್ಟಿ. ಎರಡೂ ಬಾಟಲಿ ನೋಡಲು ಒಂದೇ ಥರ. ಓದು ಬಾರದ ತಾಯಿ ಹನಿಯನ್ನು ಚಮಚದಲ್ಲಿ ಕುಡಿಸಿದರೆ ಕೂಸಿನ ಲಿವರಿಗೇ ಅಪಾಯ. ಅಳತೆ ಮುಚ್ಚಳಕ್ಕೆ ಪೆನ್ನಿನಿಂದ ಗೆರೆ ಎಳೆದು, ಮೊದಲ ಸಲದ್ದನ್ನು ತಾಯಿಯ ಕೈಯಿಂದಲೇ ನನ್ನೆದುರು ಕುಡಿಸುತ್ತೇನೆ.

ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗುವವರ ವಿಷಯವೇ ಬೇರೆ. ಅಲ್ಲಿ ಆಸ್ಪತ್ರೆಯಲ್ಲಿ "ಯಾವ ಮಾತ್ರೆ ತಗೋತೀರಿ?" ಎಂದರೆ ಬಣ್ಣ ಹೇಳುವುದು ಬಿಟ್ಟು ಬೇರೆ ದಾರಿ ಇಲ್ಲ. ಅಂಥವರಿಗೆ ಪಟ್ಟಿ ಕತ್ತರಿಸುವಾಗ ಹೆಸರಿರುವ ಭಾಗ ಬರುವಂತೆ ಕೊಡುತ್ತೇನೆ. ಮನೆಯಲ್ಲಿ ಒಬ್ಬರ ಬಳಿಯಾದರೂ ಕ್ಯಾಮೆರಾ ಇರುವ ಫೋನ್ ಇರುತ್ತದಲ್ಲ, ಅದರಲ್ಲಿ ಪಟ್ಟಿ, ಚೀಟಿ ಎರಡರ ಫೋಟೋ ತೆಗೆಸುತ್ತೇನೆ. ಸರ್ಕಾರಿ ಸರಬರಾಜಿನ ಪಟ್ಟಿಯ ಮೇಲೆ ಸೂರ್ಯ, ಚಂದ್ರ ಹಾಕಲು ಒಂದಿಷ್ಟು ಬಿಳಿ ಜಾಗ, ಬಿಪಿಗೋ ಶುಗರಿಗೋ ಎಂಬುದಕ್ಕೆ ಒಂದೇ ಬಗೆಯ ಗುರುತು ಮುದ್ರಿಸಿ ಕೊಟ್ಟರೆ ನನ್ನಂಥವರ ಅರ್ಧ ಕೆಲಸ ಕಡಿಮೆಯಾಗುತ್ತದೆ. ತಿಂಗಳ ಸಭೆಯಲ್ಲಿ ಇದನ್ನು ಕೇಳುತ್ತಲೇ ಇದ್ದೇನೆ.