ಮೂರನೇ ಡೋಸಿನ ಹಿಂದೆ ಬಿದ್ದು

ಮಂಡ್ಯದ ನಮ್ಮ ನರ್ಸಿಂಗ್ ಹೋಮಿನಲ್ಲಿ ಇನ್ಫೆಕ್ಷನ್ ಕಂಟ್ರೋಲ್ ನನ್ನ ತಲೆಗೆ ಬಂದಾಗ ಸಿಬ್ಬಂದಿಯ ಹೆಪಟೈಟಿಸ್ ಬಿ (ರಕ್ತದಿಂದ ಹರಡೋ ಲಿವರ್ ಸೋಂಕು) ಲಸಿಕೆಯ ರಿಜಿಸ್ಟರ್ ತೆಗೆದು ನೋಡಿದೆ. ಒಂದನೇ ಡೋಸಿನ ಕಾಲಂ ತುಂಬಾ ಸಹಿ, ಎರಡನೇದು ಅರ್ಧ, ಆರು ತಿಂಗಳಿಗೆ ಹಾಕೋ ಮೂರನೇದು ಖಾಲಿ. ‘ಆಯಾಗಳು ಆರು ತಿಂಗಳು ನಿಲ್ಲೋದೇ ಕಷ್ಟ, ನಿಂಗ್ಯಾಕಮ್ಮ ಈ ಉಸಾಬರಿ’ ಅಂದಿದ್ದರು ಹಿರಿಯ ಸರ್ಜನ್. ಈಗ ಎಪ್ಪತ್ತು ಚಿಲ್ಲರೆ ಜನರಲ್ಲಿ ಬಾಕಿ ಉಳಿದಿರೋರು ಐದೋ ಆರೋ. ಅವರೂ ಹೊಸಬರು.

ಮೊದಲ ವರ್ಷ ಸುತ್ತೋಲೆ ಅಂಟಿಸಿದೆ, ಯಾರೂ ತಿರುಗಿ ನೋಡಲಿಲ್ಲ. ಎರಡನೇ ವರ್ಷ ತರಿಸಿದ ಲಸಿಕೆಯ ವಯಲ್‌ಗಳನ್ನು (ಪುಟ್ಟ ಸೀಸೆಗಳು) ಯಾರೋ ಫ್ರೀಜರ್ ತಟ್ಟೆಗೆ ಒತ್ತಿ ಇಟ್ಟಿದ್ದರು. ಬೆಳಿಗ್ಗೆ ನೋಡಿದರೆ ಮಂಜುಗಡ್ಡೆ. ಹೆಪ್ಪುಗಟ್ಟಿದರೆ ಈ ಲಸಿಕೆ ಕೆಲಸಕ್ಕೆ ಬರಲ್ಲ. ಎಂಟೋ ಒಂಬತ್ತೋ ವಯಲ್ ಕಸಕ್ಕೆ ಹೋಯಿತು, ನಾನು ಬೈಸಿಕೊಂಡೆ.

ಅದಕ್ಕಿಂತ ದೊಡ್ಡ ತಪ್ಪು ನನ್ನದೇ. ‘ತೋಳಿಗೆ ಬ್ಯಾಡ ಸಿಸ್ಟರ್, ನೋವು ಬಂದ್ರೆ ನೆಲ ಒರಸಕ್ಕಾಗಕಿಲ್ಲ, ಸೊಂಟಕ್ಕೇ ಹಾಕ್ಬುಡಿ’ ಅಂತ ನಾಲ್ಕು ಜನ ಆಯಾಗಳು ಗೋಗರೆದರು. ಗೊತ್ತಿದ್ದೂ ಕರಗಿದೆ. ಮೂರೂ ಡೋಸ್ ಮುಗಿದು ಒಂದೂವರೆ ತಿಂಗಳಿಗೆ ಟೈಟರ್ (ಲಸಿಕೆಯಿಂದ ರಕ್ತದಲ್ಲಿ ಎಷ್ಟು ರಕ್ಷಣೆ ಬಂದಿದೆ ಅಂತ ಅಳೆಯೋ ಪರೀಕ್ಷೆ) ಮಾಡಿಸಿದರೆ, 10 ದಾಟಬೇಕಾದ್ದು ಮೂವರಿಗೆ 4ರ ಆಸುಪಾಸು. ಸೊಂಟದ ಕೊಬ್ಬಿನಲ್ಲಿ ಲಸಿಕೆ ಮುಳುಗಿತ್ತು. ಮತ್ತೆ ಮೊದಲಿಂದ, ತೋಳಿಗೆ. ಈಗ ಎಡತೋಳು, ವಾರದ ರಜೆಯ ಹಿಂದಿನ ದಿನ, ಡ್ಯೂಟಿ ಮುಗಿಯೋ ಹೊತ್ತಿಗೆ. ತಕರಾರಿಲ್ಲ.

ದುಡ್ಡಿನ ಮಾತು. ಟೈಟರ್‌ಗೆ ತಲೆಗೆ ಆರೇಳು ನೂರು ಅಂದಾಗ ಮಾಲೀಕರು ಫೈಲ್ ಪಕ್ಕಕ್ಕೆ ತಳ್ಳಿದರು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ತ್ಯಾಜ್ಯ ಮುಟ್ಟೋರಿಗೆಲ್ಲ ಹೆಪಟೈಟಿಸ್ ಬಿ, ಟೆಟನಸ್ ಲಸಿಕೆ ಹಾಕಿಸಬೇಕು ಅಂತ ಇದೆ ಅಂದೆ. ಅದಕ್ಕೂ ಜಗ್ಗಲಿಲ್ಲ. ಅಷ್ಟರಲ್ಲಿ ಪ್ಲಾಸ್ಟಿಕ್ ತ್ಯಾಜ್ಯ ಹಾಕೋ ಕೆಂಪು ಚೀಲದಲ್ಲಿ ಯಾರೋ ಬಿಸಾಕಿದ್ದ ಸೂಜಿ ಒಬ್ಬ ಆಯಾಳ ಬೆರಳಿಗೆ ಚುಚ್ಚಿತು. ಆ ಸೂಜಿಯ ರೋಗಿ ಹೆಪಟೈಟಿಸ್ ಬಿ ಪಾಸಿಟಿವ್, ಈಕೆಗೆ ಒಂದೇ ಡೋಸ್ ಆಗಿತ್ತು. ತಕ್ಷಣ ರಕ್ಷಣೆ ಕೊಡೋ ಇಮ್ಯುನೋಗ್ಲೋಬ್ಯುಲಿನ್ ಇಂಜೆಕ್ಷನ್‌ಗೆ ರಾತ್ರಿ ಮೈಸೂರಿಗೆ ಓಡಿದ್ವಿ. ಆ ಬಿಲ್ಲು ಹಿಡಿದು, ‘ಸರ್, ಇದರಲ್ಲಿ ಎಷ್ಟು ಜನರ ಟೈಟರ್ ಆಗ್ತಿತ್ತು ಲೆಕ್ಕ ಹಾಕಿ’ ಅಂದೆ. ಸಹಿ ಬಿತ್ತು. ಓಟಿ (ಆಪರೇಷನ್ ಥಿಯೇಟರ್), ಹೆರಿಗೆ ವಾರ್ಡ್, ಕ್ಯಾಷುಯಾಲ್ಟಿ, ಕಸ ಎತ್ತೋರು, ಇಷ್ಟಕ್ಕೆ ಮಾತ್ರ. ಸಾಕು.

ಹುಮ್ಮಸ್ಸಿನಲ್ಲಿ ಫ್ಲೂ ಲಸಿಕೆಗೂ ಕೈ ಹಾಕಿದೆ. ಪ್ರತಿ ವರ್ಷ ಹಾಕಿಸಬೇಕು ಅಂದಕೂಡಲೇ ಅರ್ಧ ಜನ ಮಾಯ. ಆ ಖರ್ಚನ್ನು ಈಗಲೂ ನನ್ನ ಲೆಕ್ಕಕ್ಕೇ ಹಾಕಿ ಆಡಿಕೊಳ್ತಾರೆ.

ಕೊನೆಗೆ ಕೈ ಹಿಡಿದದ್ದು ಡ್ಯೂಟಿ ಚಾರ್ಟು. ಕೆಲಸಕ್ಕೆ ಸೇರಿದ ದಿನವೇ ಮೂರೂ ತಾರೀಖು ಬರೀತೀನಿ, ವಾರದ ರಜೆ ಬರೆದ ಹಾಗೆ. ಮೊದಲ ಡೋಸ್ ಆಗದೆ ಓಟಿಗೂ ಕಸಕ್ಕೂ ಹಾಕಲ್ಲ. ತಡವಾಗಿ ಬಂದರೆ ಮೊದಲಿಂದ ಶುರು ಮಾಡಲ್ಲ, ನಿಂತಲ್ಲಿಂದ ಮುಂದಕ್ಕೆ. ಕೆಲಸ ಬಿಡೋರಿಗೆ ಲ್ಯಾಮಿನೇಟ್ ಮಾಡಿದ ಕಾರ್ಡು. ಗುತ್ತಿಗೆದಾರನ ಕೈಲಿ ಅರ್ಧ ಖರ್ಚು ಕಕ್ಕಿಸಿದ್ದು ಹೇಗೆ ಅಂತ ಮಾತ್ರ ಇಲ್ಲಿ ಬರೆಯಲ್ಲ, ಅವನೂ ಓದ್ತಾನೆ.

ಹೋದ ತಿಂಗಳು ಕೆಲಸ ಬಿಟ್ಟ ಹುಡುಗಿಯೊಬ್ಬಳು ಮೂರನೇ ಡೋಸಿಗೆ ಅಂತಲೇ ಮದ್ದೂರಿಂದ ಬಸ್ಸು ಹತ್ತಿ ಬಂದಳು, ಕಾರ್ಡು ಪರ್ಸಿನಲ್ಲಿ ಮಡಚದ ಹಾಗೆ ಇಟ್ಟುಕೊಂಡು. ಸರ್ಜನ್ ಅಲ್ಲೇ ಕಾಫಿ ಕುಡೀತಿದ್ದರು. ನಾನೇನೂ ಅನ್ನಲಿಲ್ಲ, ಕಾರ್ಡು ಅವರ ಮುಂದಿಟ್ಟು ಸಹಿ ಹಾಕಿಸಿಕೊಂಡೆ.