ಮೊದಲು ಬಾವಿಗೆ, ಆಮೇಲೆ ಮನೆಗೆ: ಜೇವರ್ಗಿ ಸೀಮೆಯಲ್ಲಿ ಲೈನ್ ಎಳೆದ ನನ್ನ ಅನುಭವ

ನಮ್ಮ ಭಾಗದ ಎಷ್ಟೋ ಊರುಗಳಲ್ಲಿ ಕರೆಂಟು ಮನೆಗಿಂತ ಮೊದಲು ಹೊಲಕ್ಕೆ ಬಂತು. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಊರೊಳಗೆ ಚಿಮಣಿ ಉರಿಯುತ್ತಿತ್ತು, ಊರಾಚೆ ಗೌಡರ ಬಾವಿಯ ಮೇಲೆ ಮೋಟರ್ ಓಡುತ್ತಿತ್ತು. ನಾನು ಕೆಇಬಿ ಸೇರಿದ್ದು 1980ರ ದಶಕದಲ್ಲಿ. ಮೊದಲು ಕಂಬ ನಿಲ್ಲಿಸುವ ಗ್ಯಾಂಗಿನಲ್ಲಿ ಮಜ್ದೂರ, ಆಮೇಲೆ ಲೈನ್‌ಮ್ಯಾನ್. ಹೆಚ್ಚಿನ ಕೆಲಸ ಕಲಬುರಗಿ ಜಿಲ್ಲೆಯ ಜೇವರ್ಗಿ, ಅಫಜಲಪುರ ಕಡೆ. ಕೆಲ ಕಾಲ ಶಹಾಪುರದಲ್ಲೂ ಇದ್ದೆ. ಈಗ ರಿಟೈರ್ ಆಗಿದ್ದೇನೆ, ಆದರೂ ಸುತ್ತಲಿನ ಊರವರು ಫೋನ್ ಮಾಡುವುದು ಬಿಟ್ಟಿಲ್ಲ.

ನಮ್ಮದು ತಡವಾಗಿ ಶುರುವಾದ ಸೀಮೆ. ಹಳೆ ಮೈಸೂರಿನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಕರೆಂಟು ಹೋಗಿತ್ತು. 1905ರಲ್ಲಿ ಬೆಂಗಳೂರಿಗೂ ಬಂತು. ನಾವು ಆಗ ನಿಜಾಮರ ಸಂಸ್ಥಾನದಲ್ಲಿದ್ದೆವು. ಹೈದರಾಬಾದಿನಲ್ಲಿ ಹುಸೇನ್ ಸಾಗರದ ದಂಡೆಯ ಮೇಲೆ 1920ರಲ್ಲಿ ವಿದ್ಯುತ್ ಕೇಂದ್ರ ಎದ್ದಿತು, ಆದರೆ ಭೀಮಾ ದಂಡೆಯ ರೈತನಿಗೆ ಅದರಿಂದ ಏನೂ ಆಗಲಿಲ್ಲ. 1948ರ ಪೊಲೀಸ್ ಆಕ್ಷನ್ ಆಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು, 1957ರಲ್ಲಿ ವಿದ್ಯುತ್ ಮಂಡಳಿ ಬಂತು. ಹಳ್ಳಿಯ ಕಡೆ ಲೈನ್ ತಿರುಗಿದ್ದು ಅದರ ನಂತರವೇ. 2002ರಲ್ಲಿ ನಮ್ಮ ಭಾಗಕ್ಕೆ ಜೆಸ್ಕಾಂ ಎಂಬ ವಿದ್ಯುತ್ ಕಂಪನಿ ಆಯಿತು. ಜನ ಮಾತ್ರ ಇವತ್ತಿಗೂ ನಮ್ಮನ್ನು ಕೆಇಬಿಯವರು ಅಂತಲೇ ಕರೆಯುತ್ತಾರೆ.

ಬಾವಿಗೆ ಮೊದಲು ಯಾಕೆ ಬಂತು? 1965ರಿಂದ ಎರಡು ವರ್ಷ ದೇಶದಲ್ಲಿ ದೊಡ್ಡ ಬರ ಬಿತ್ತು. ಕಾಳು ಬೆಳೆಯಬೇಕು, ಅದಕ್ಕೆ ನೀರೆತ್ತಬೇಕು ಎಂಬ ಯೋಚನೆ ಮೇಲಿಂದ ಬಂತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ, ಅಂದರೆ ಆರ್‌ಇಸಿ ಶುರುವಾಯಿತು. ಅದು ಮಂಡಳಿಗಳಿಗೆ ಸಾಲ ಕೊಡುವಾಗ ಪಂಪ್‌ಸೆಟ್‌ಗೆ ಒತ್ತು ಕೊಟ್ಟಿತು. ಲೆಕ್ಕವೂ ಹಾಗೇ ಇತ್ತು ಅನ್ನಿ. ಒಂದು 5 ಎಚ್‌ಪಿ ಮೋಟರ್ ತಿನ್ನುವ ಕರೆಂಟಿನಲ್ಲಿ 40 ವ್ಯಾಟಿನ ನೂರು ಬಲ್ಬು ಉರಿಸಬಹುದು. ಸಾಲದ ದುಡ್ಡಿನಲ್ಲಿ ಲೈನ್ ಎಳೆದವರಿಗೆ ಆಗ ಬಿಲ್ ಬರುತ್ತಿದ್ದುದು ಮೋಟರಿನಿಂದ, ಬಡವನ ಬಲ್ಬಿನಿಂದಲ್ಲ. ನಮ್ಮ ಕಡೆ 72ರ ಬರ ಕಂಡವರು ಬಾವಿ ತೋಡಿಕೊಂಡರು. ಬಾವಿ ಇದ್ದವನು ಎತ್ತು ಬಿಟ್ಟು ಎಂಜಿನ್ ತಂದ, ಎಂಜಿನ್ ಇದ್ದವನು ಕರೆಂಟಿಗೆ ಅರ್ಜಿ ಹಾಕಿದ.

ಇದರಲ್ಲಿ ಒಂದು ತಮಾಷೆ ಇದೆ, ತಮಾಷೆ ಅನ್ನುವುದೂ ತಪ್ಪೇನೋ. 1997ರವರೆಗೆ ಒಂದು ಊರಿನ ಕಂದಾಯ ಗಡಿಯೊಳಗೆ ಯಾವುದೇ ಕೆಲಸಕ್ಕೆ ಕರೆಂಟು ಬಳಕೆಯಾದರೆ ಸಾಕಿತ್ತು, ಆ ಊರು ವಿದ್ಯುದೀಕರಣಗೊಂಡ ಊರು. ನದಿ ದಂಡೆಯಲ್ಲಿ ಒಂದು ಮೋಟರ್ ತಿರುಗಿದರೆ ಇಡೀ ಊರಿಗೆ ಬೆಳಕು ಬಂದಂತೆ ಲೆಕ್ಕ! 1997ರಲ್ಲಿ ಜನ ವಾಸಿಸುವ ಜಾಗದಲ್ಲೇ ಬಳಕೆ ಆಗಬೇಕು ಎಂದು ಬದಲಾಯಿತು. 2004ರಲ್ಲಿ ಇನ್ನೂ ಬಿಗಿಯಾಯಿತು. ಕನಿಷ್ಠ 10 ಶೇಕಡಾ ಮನೆಗಳಲ್ಲಿ ಕರೆಂಟು ಇರಬೇಕು, ದಲಿತ ಕೇರಿಗೆ ಲೈನ್ ಹೋಗಿರಬೇಕು, ಶಾಲೆ, ಪಂಚಾಯಿತಿ ಕಟ್ಟಡಕ್ಕೂ ಇರಬೇಕು. ಹತ್ತರಲ್ಲಿ ಒಂದೇ ಮನೆ ಸಾಕಂತೆ! ಕಂಬ ಹೊತ್ತ ನಮಗೆ ಆಗ ಈ ನಿಯಮ ಯಾವುದೂ ಗೊತ್ತಿರಲಿಲ್ಲ. ಆದರೆ ಅದರ ಫಲ ಕಣ್ಣೆದುರಿಗಿತ್ತು. ಕೇರಿಯ ಪಕ್ಕದಲ್ಲೇ ಲೈನ್ ಹಾದು ಹೋಗುತ್ತಿತ್ತು, ಕೇರಿಯಲ್ಲಿ ಕತ್ತಲೆ.

ತಾಂಡಾಗಳ ಕಥೆ ಇನ್ನೂ ಬೇರೆ. ಅವು ಮೂಲ ಊರಿನಿಂದ ದೂರ ಇರುತ್ತವೆ, ಕಂದಾಯ ದಾಖಲೆಯಲ್ಲಿ ಪ್ರತ್ಯೇಕ ಹೆಸರೇ ಇರಲಿಲ್ಲ. ಮೂಲ ಊರಿಗೆ ಕರೆಂಟು ಬಂದಿದೆ ಅಂದರೆ ತಾಂಡಾಕ್ಕೂ ಬಂದಂತೆ. "ನಮ್ಮದ್ಯಾವಾಗ್ರಿ ಸಾಹೇಬ್ರ?" ಎಂದು ತಾಂಡಾದ ನಾಯಕರು ಕೇಳಿದಾಗ ನಮ್ಮ ಬಳಿ ಉತ್ತರ ಇರುತ್ತಿರಲಿಲ್ಲ. ಬಡವರ ಮನೆಗೆ ಕರೆಂಟು ಕೊಡುವ ಭಾಗ್ಯಜ್ಯೋತಿ, ಆಮೇಲೆ ಕುಟೀರ ಜ್ಯೋತಿ ಯೋಜನೆ ಬಂದ ಮೇಲೆ ಸ್ವಲ್ಪ ಸ್ವಲ್ಪ ಒಳಗೆ ಹೋದೆವು. ಮನೆಗೆ ಒಂದೇ ಬಲ್ಬು. ಹೆಣ್ಣುಮಕ್ಕಳು ಜಾಣರು, ಅಡುಗೆ ಮನೆ ಮತ್ತು ಪಡಸಾಲೆಯ ನಡುವಿನ ಬಾಗಿಲ ಮೇಲೆ ಹಾಕಿಸುತ್ತಿದ್ದರು. ಒಂದರಲ್ಲೇ ಎರಡೂ ಕಡೆ ಬೆಳಕು.

ಇನ್ನು ಕೆಲಸದ ವಿಷಯ. ಕರಿ ಮಣ್ಣಿನಲ್ಲಿ ಕಂಬ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ತಲೆನೋವು. ಎಲ್ಲ ಕಡೆ ಇರುವ ನಿಯಮ ಕಂಬದ ಉದ್ದದ ಆರನೇ ಒಂದು ಭಾಗ ನೆಲದೊಳಗೆ ಇರಬೇಕು ಎಂದು. ಎರೆ ಭೂಮಿಯಲ್ಲಿ ಅದನ್ನು ನಂಬಿಕೊಂಡರೆ ಕೆಟ್ಟೆವು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ವರ್ಷಕ್ಕೊಮ್ಮೆ ನೆಲವೇ ಕಂಬವನ್ನು ಹಿಡಿದು ಅಲ್ಲಾಡಿಸುತ್ತದೆ. ನಾಲ್ಕು ಮಳೆಗಾಲ ಆದರೆ ಕಂಬ ಅಲ್ಲಾಡುವ ಹಲ್ಲಿನಂತೆ ಆಗುತ್ತದೆ. ನಾವು ಗುಂಡಿ ಇನ್ನಷ್ಟು ಆಳ ತೋಡಿ, ತಳಕ್ಕೆ ಚಪ್ಪಟೆ ಕಲ್ಲು ಇಡುತ್ತಿದ್ದೆವು. ಶಹಾಬಾದ್ ಕಲ್ಲಿನ ನಾಡಿದು, ಕಲ್ಲಿಗೆ ಕೊರತೆ ಇಲ್ಲ. ಸುತ್ತ ಸೈಜ್ ಕಲ್ಲು ತುಂಬಿ ಪದರ ಪದರವಾಗಿ ಗುದ್ದುತ್ತಿದ್ದೆವು. ಅಗೆದು ತೆಗೆದ ಕರಿ ಮಣ್ಣನ್ನು ವಾಪಸ್ ಹಾಕುವುದಕ್ಕಿಂತ ಹೊರಗಿನ ಗರಸು ತಂದು ಹಾಕುವುದು ಒಳ್ಳೆಯದು. ತಿರುವಿನ ಕಂಬಕ್ಕೂ ಲೈನ್ ಮುಗಿಯುವ ಕಂಬಕ್ಕೂ ಸ್ಟೇ ವೈರ್, ಅಂದರೆ ಕಂಬ ವಾಲದಂತೆ ನೆಲಕ್ಕೆ ಬಿಗಿದು ಕಟ್ಟುವ ತಂತಿ, ಇಲ್ಲದೆ ನಾನು ಲೈನ್ ಬಿಗಿಯಲು ಬಿಡುತ್ತಿರಲಿಲ್ಲ.

ರೈತರ ಜೊತೆ ಜಗಳವೂ ಅಲ್ಲೇ. "ನಮ್ಮ ಹೊಲದಾಗ ಕಂಬ ಹುಗೀಬ್ಯಾಡ್ರಿ, ಕುಂಟಿ ಹೊಡೀಲಾಕ ಆಗಂಗಿಲ್ಲ" ಅನ್ನುವವರೇ ಎಲ್ಲ. ಅವರ ಮಾತು ಸರಿಯೇ. ಬದುವಿನ ಮೇಲೆ ಹಾಕಿದರೆ ಲೈನ್ ಸೊಟ್ಟ ಆಗುತ್ತದೆ, ಕಂಬ ಜಾಸ್ತಿ ಬೇಕು. ನಾನು ನೋಡಿದ ಮಟ್ಟಿಗೆ ಬದುವಿನ ದಾರಿಯೇ ಮೇಲು. ಕಂಬ ಎರಡು ಹೆಚ್ಚು ಹೋದರೂ, ಆಮೇಲೆ ರಿಪೇರಿಗೆ ಹೋದಾಗ ಯಾರೂ ಅಡ್ಡ ನಿಲ್ಲುವುದಿಲ್ಲ.

ಕೆಲಸಕ್ಕೆ ಕಾಲವೂ ಕಮ್ಮಿ. ತೊಗರಿ ರಾಶಿ ಆಗಬೇಕು, ಹಿಂಗಾರಿ ಜೋಳ ಕೊಯ್ಲಾಗಬೇಕು, ಆಗಲೇ ಹೊಲ ಖಾಲಿ. ಅಂದರೆ ಮಾರ್ಚ್‌ನಿಂದ ಮೇ ತನಕ. ಕಲಬುರಗಿಯ ಬಿಸಿಲು ಗೊತ್ತಲ್ವಾ, 42 ಡಿಗ್ರಿ ಮಾಮೂಲು. ಆ ಬಿಸಿಲಿಗೆ ಅಲ್ಯೂಮಿನಿಯಂ ತಂತಿ ಹಿಗ್ಗಿರುತ್ತದೆ, ಜೋತು ಬಿದ್ದಂತೆ ಕಾಣುತ್ತದೆ. "ಬಿಗಿ ಮಾಡ್ರೋ" ಎಂದು ಕಟ್ಟೆಯ ಮೇಲೆ ಕೂತವರು ಕೂಗುತ್ತಾರೆ. ಮೇ ತಿಂಗಳಲ್ಲಿ ಚೆಂದ ಕಾಣುವ ಹಾಗೆ ಬಿಗಿದರೆ ಡಿಸೆಂಬರ್ ಚಳಿಗೆ ತಂತಿ ಕುಗ್ಗಿ ಜಾಯಿಂಟ್ ಕಿತ್ತುಕೊಳ್ಳುತ್ತದೆ, ಇಲ್ಲವೇ ಕಂಬ ವಾಲುತ್ತದೆ. ಅದಕ್ಕೇ ಜೋಲು ಎಷ್ಟಿರಬೇಕು ಎಂಬ ಪಟ್ಟಿ ಇರುತ್ತದೆ. ಬಿಸಿಲಿನ ಪ್ರಕಾರ ನೋಡಿ ಬಿಡಬೇಕು. ಹಾಗಂತ ತೀರಾ ಸಡಿಲ ಬಿಟ್ಟರೆ ಗಾಳಿಗೆ ತಂತಿಗೆ ತಂತಿ ತಾಗಿ ಕಿಡಿ ಉದುರುತ್ತದೆ. ಅಫಜಲಪುರ ಕಡೆ ಒಣಗಿದ ಕಬ್ಬಿನ ಮೇಲೆ ಆ ಕಿಡಿ ಬಿದ್ದರೆ ಮುಗಿಯಿತು. ಎಲ್‌ಟಿ, ಅಂದರೆ ಕಡಿಮೆ ವೋಲ್ಟೇಜಿನ ಲೈನಿನ ತಂತಿಗಳ ನಡುವೆ, ಅವು ಒಂದಕ್ಕೊಂದು ತಾಗದಂತೆ ಸ್ಪೇಸರ್ ಹಾಕುವುದನ್ನು ನಾನು ಕಬ್ಬಿನ ಹೊಲದಲ್ಲಿ ಒಮ್ಮೆಯೂ ತಪ್ಪಿಸುತ್ತಿರಲಿಲ್ಲ.

ಕಂಬಕ್ಕೆ ಕೆಟ್ಟ ಮಣ್ಣು ಅರ್ತಿಂಗಿಗೆ ಒಳ್ಳೆಯದು. ಎರೆ ಮಣ್ಣು ತೇವ ಹಿಡಿದುಕೊಳ್ಳುತ್ತದೆ, ಕರೆಂಟು ಸಲೀಸಾಗಿ ನೆಲಕ್ಕಿಳಿಯುತ್ತದೆ. ಬೀದರ್‌ನಲ್ಲಿ ಕೆಲಸ ಮಾಡಿದ ನನ್ನ ಗೆಳೆಯನಿಗೆ ಪೂರ್ತಿ ಉಲ್ಟಾ. ಅಲ್ಲಿ ಕೆಂಪು ಕಲ್ಲಿನ ನೆಲ, ಕಂಬ ಗಟ್ಟಿಯಾಗಿ ನಿಲ್ಲುತ್ತದೆ, ಅರ್ತ್ ಸಿಗುವುದಿಲ್ಲ. ಇದ್ದಿಲು, ಉಪ್ಪು ಹಾಕಿ ಎಷ್ಟು ತುಂಬಿದರೂ ಸಾಲದು ಅನ್ನುತ್ತಿದ್ದ. ನಮ್ಮಲ್ಲೂ ಏಪ್ರಿಲ್ ಹೊತ್ತಿಗೆ ಮಣ್ಣು ಬಿರಿದು ಅರ್ತ್ ಪೈಪಿನಿಂದ ದೂರ ಸರಿಯುತ್ತದೆ. ಆಗ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಬುಡಕ್ಕೆ ಎರಡು ಕೊಡ ನೀರು ಹಾಕಿ ಎಂದು ರೈತರಿಗೆ ಹೇಳಿಟ್ಟಿದ್ದೆ. ಕೆಲವರು ಹಾಕುತ್ತಿದ್ದರು, ಕೆಲವರು ನಗುತ್ತಿದ್ದರು.

ಟಿಸಿ ಸುಡುವ ವಿಷಯಕ್ಕೆ ಬರೋಣ, ಯಾಕೆಂದರೆ ರೈತರ ಅರ್ಧ ಸಿಟ್ಟು ಅಲ್ಲೇ ಇರುತ್ತದೆ. 5 ಎಚ್‌ಪಿ ಮೋಟರ್ ಪೂರ್ತಿ ಲೋಡಿನಲ್ಲಿ ಫೇಸಿಗೆ ಸುಮಾರು 7ರಿಂದ 8 ಆಂಪಿಯರ್ ಎಳೆಯುತ್ತದೆ. 25 ಕೆವಿಎ ಟಿಸಿ ಕೊಡುವುದು ಫೇಸಿಗೆ 33 ಆಂಪಿಯರ್. ಅಂದರೆ ನಾಲ್ಕು ಮೋಟರ್ ಆರಾಮ. ಐದು ಅಂದರೆ ಆಗಲೇ ಮಿತಿ ದಾಟಿತು. ಹೊಲಕ್ಕೆ ಹೋಗಿ ನೋಡಿದರೆ ಒಂಬತ್ತೋ ಹತ್ತೋ ಇರುತ್ತಿದ್ದವು, ಅದರಲ್ಲೂ 5 ಎಂದು ಬರೆಸಿ ಏಳೂವರೆ ಎಚ್‌ಪಿ ಕೂರಿಸಿದವರು. ಬೋರ್‌ವೆಲ್ ನೀರು ಆಳಕ್ಕೆ ಹೋದ ಹಾಗೆ ಮೋಟರೂ ದೊಡ್ಡದಾಯಿತು, ಟಿಸಿ ಮಾತ್ರ ಅದೇ.

ಇದರ ಮೇಲೆ ಆಟೋ ಸ್ಟಾರ್ಟರ್. ಕರೆಂಟು ರಾತ್ರಿ ಯಾವಾಗ ಬರುತ್ತದೋ ಗೊತ್ತಿಲ್ಲ, ಹಾವು ಚೇಳಿನ ನಡುವೆ ಯಾರು ಹೋಗುತ್ತಾರೆ? ರೈತ ಆಟೋ ಹಾಕಿ ಮಲಗುತ್ತಾನೆ. ಅವನನ್ನು ಬೈಯುವಂತಿಲ್ಲ. ಆದರೆ ಮೋಟರ್ ಎದ್ದೇಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸಪ್ಲೈ ಬಂದ ಆ ಕ್ಷಣಕ್ಕೆ ಎಲ್ಲ ಮೋಟರ್ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ, ಯಾವುದೂ ಸರಿಯಾಗಿ ತಿರುಗುವುದಿಲ್ಲ, ಎಲ್ಲವೂ ಗುಂಯ್ ಅನ್ನುತ್ತಾ ಕಾಯುತ್ತವೆ. ಫ್ಯೂಸ್ ಹೋದರೆ ಪುಣ್ಯ. ಫ್ಯೂಸ್ ಬದಲು ದಪ್ಪ ತಂತಿ ಸುತ್ತಿಟ್ಟಿದ್ದರೆ ಟಿಸಿಯೇ ಹೋಗುತ್ತದೆ. ನಾನು ಒಂದೊಂದು ಟಿಸಿಯ ರೈತರನ್ನು ಕೂರಿಸಿ, ಆಟೋ ಸ್ಟಾರ್ಟರಿಗೆ ಟೈಮರ್ ಹಾಕಿಸಿ, ಒಬ್ಬರಾದ ಮೇಲೆ ಒಬ್ಬರದು ಎದ್ದೇಳುವ ಹಾಗೆ ಹೊಂದಿಸುತ್ತಿದ್ದೆ. ಅಣ್ಣ ತಮ್ಮಂದಿರ ಹೊಲ ಇದ್ದ ಕಡೆ ಇದು ಬೇಗ ಒಪ್ಪಿಗೆ ಆಯಿತು. ಬಾಯಿ ಮಾತಾಡದ ಅಕ್ಕಪಕ್ಕದವರಿದ್ದ ಕಡೆ ಆಗಲೇ ಇಲ್ಲ.

ಅದಕ್ಕಿಂತ ಗಟ್ಟಿ ಉಪಾಯ ಎಂದರೆ ದೊಡ್ಡ ಟಿಸಿ ಒಂದನ್ನು ದೂರ ಇಡುವ ಬದಲು ಸಣ್ಣವನ್ನು ಮೋಟರಿನ ಹತ್ತಿರ ಇಡುವುದು. ಎಲ್‌ಟಿ ತಂತಿಯಲ್ಲಿ ಕರೆಂಟು ಜಾಸ್ತಿ ಹರಿಯುತ್ತದೆ, ಉದ್ದ ಆದಷ್ಟೂ ದಾರಿಯಲ್ಲೇ ಸೋರುತ್ತದೆ. ಕರೆಂಟು ಎರಡರಷ್ಟಾದರೆ ನಷ್ಟ ನಾಲ್ಕರಷ್ಟು. ಹೆಚ್ಚು ವೋಲ್ಟೇಜಿನ 11 ಕೆವಿ ಲೈನನ್ನೇ ಹೊಲದ ತನಕ ತಂದು ನಾಲ್ಕು ಜನಕ್ಕೊಂದು 25ರ ಟಿಸಿ ಕೊಟ್ಟ ಕಡೆ ಸುಡುವುದು ಕಮ್ಮಿಯಾಯಿತು. ವೋಲ್ಟೇಜ್ ಸುಧಾರಿಸಿದ್ದು ಒಂದು ಕಾರಣ. ಇದು ನಮ್ಮ ನಾಲ್ವರದು ಎಂಬ ಭಾವನೆ ಬಂದು ಐದನೆಯವನು ಹುಕ್ಕು ಹಾಕಲು ಬಂದರೆ ಅವರೇ ತಡೆದದ್ದು ಇನ್ನೊಂದು.

ಊರಿಗೂ ಹೊಲಕ್ಕೂ ಒಂದೇ ಫೀಡರ್, ಅಂದರೆ ಸಬ್‌ಸ್ಟೇಷನ್‌ನಿಂದ ಹೊರಡುವ ಮುಖ್ಯ ಲೈನ್, ಇದ್ದ ಕಾಲದಲ್ಲಿ ಎರಡೂ ಕಡೆ ಜಗಳ. ಹೊಲಕ್ಕೆ ತ್ರೀ ಫೇಸ್ ಕೆಲವು ತಾಸು, ಉಳಿದ ಹೊತ್ತು ಒಂದು ಫೇಸ್ ಬಿಚ್ಚಿಟ್ಟು ಊರಿಗೆ ದೀಪ ಮಾತ್ರ. ರೈತ ಸುಮ್ನೆ ಇರುತ್ತಾನೆಯೇ? ಇಲ್ಲದ ಫೇಸಿನ ಕೊರತೆ ತುಂಬಲು ಕಂಡೆನ್ಸರ್ ಕಟ್ಟಿ, ಉಳಿದೆರಡು ಫೇಸಿನಲ್ಲೇ ಮೋಟರ್ ಓಡಿಸಿದ. ಊರಿನ ಬಲ್ಬು ಕೆಂಪಗಾಗುತ್ತಿತ್ತು. ನಮಗೆ ಅದರಿಂದ ಪ್ರಾಣಭಯ ಬೇರೆ. ಹಾಗೆ ಓಡುವ ಮೋಟರ್ ಬಿಚ್ಚಿಟ್ಟ ಮೂರನೇ ತಂತಿಗೂ ಹಿಂದಿನಿಂದ ಕರೆಂಟು ತಳ್ಳುತ್ತದೆ. ಸಬ್‌ಸ್ಟೇಷನ್‌ನಲ್ಲಿ ಆಫ್ ಆದ ತಂತಿ ಕಂಬದ ಮೇಲೆ ಜೀವಂತ. ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿದ್ದೇವೆ ಎಂಬ ಒಪ್ಪಿಗೆ, ಸಿಕ್ಕರೂ ಕೆಲಸದ ಜಾಗದ ಎರಡೂ ಬದಿ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ತ್ ಚೈನ್ ಹಾಕದೆ ಕೈ ಇಡಬೇಡಿ ಎಂದು ಹುಡುಗರಿಗೆ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. 2010ರ ಆಸುಪಾಸಿನಲ್ಲಿ ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಮಾಡತೊಡಗಿದರು. ನನ್ನ ಸರ್ವಿಸಿನಲ್ಲಿ ಊರಿನ ಮನೆಗಳಿಗೆ ಇಷ್ಟು ಉಪಕಾರ ಮಾಡಿದ ಇನ್ನೊಂದು ಕೆಲಸ ನಾನು ಕಂಡಿಲ್ಲ. ಗಿರಣಿ ಹಗಲು ನಡೆಯತೊಡಗಿತು, ಕುಡಿಯುವ ನೀರಿನ ಟಾಕಿ ತುಂಬತೊಡಗಿತು.

ಭೀಮಾ ದಂಡೆಯ ಮೋಟರುಗಳದು ಬೇರೆಯೇ ಲೆಕ್ಕ. ಮೇಲಿಟ್ಟ ಪಂಪು ನೀರನ್ನು ಹೀರುವುದು ಹೆಚ್ಚೆಂದರೆ ಏಳೆಂಟು ಮೀಟರ್ ಎತ್ತರಕ್ಕೆ. ಆದ್ದರಿಂದ ಮೋಟರ್ ನೀರಿನ ಹತ್ತಿರವೇ ಇರಬೇಕು. ಟಿಸಿ ಮಾತ್ರ ಪ್ರವಾಹ ಮುಟ್ಟದ ಎತ್ತರದಲ್ಲಿರಬೇಕು. ಎಲ್ಲಿ ತನಕ ನೀರು ಬಂದಿತ್ತು ಎಂದು ಊರಿನ ಮುದುಕರನ್ನು ಕೇಳಿ, ಅವರು ತೋರಿಸಿದ ಗುರುತಿಗಿಂತಲೂ ಮೇಲೆ ಕಂಬ ಹಾಕುತ್ತಿದ್ದೆವು. ಲೈನ್ ಉದ್ದವಾಗಿ ವೋಲ್ಟೇಜ್ ಸ್ವಲ್ಪ ಕಮ್ಮಿ ಆದರೂ ಅಡ್ಡಿಯಿಲ್ಲ. ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಬಂದರೆ ರೈತರು ಮೊದಲು ಮೋಟರ್ ಬಿಚ್ಚಿ ಟ್ರ್ಯಾಕ್ಟರಿಗೆ ಹೇರುತ್ತಾರೆ. 2020ರ ಅಕ್ಟೋಬರ್ ಪ್ರವಾಹದಲ್ಲಿ ಆ ಗುರುತುಗಳೂ ಮುಳುಗಿದವು.

2005ರ ರಾಜೀವ್ ಗಾಂಧಿ ಯೋಜನೆ, 2017ರ ಸೌಭಾಗ್ಯ, ಇವುಗಳಲ್ಲಿ ಉಳಿದ ಮನೆಗಳಿಗೂ ಮೀಟರ್ ಬಂತು. 2023ರ ಜನವರಿಯಲ್ಲಿ ಮಳಖೇಡದಲ್ಲಿ ತಾಂಡಾದವರಿಗೆ ಹಕ್ಕುಪತ್ರ ಕೊಟ್ಟರು. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ ಸೇರಿ 1475ರಷ್ಟು ದಾಖಲೆಯಿಲ್ಲದ ಜನವಸತಿಗಳು ಕಂದಾಯ ಗ್ರಾಮಗಳಾದವು. ಲೈನ್ ಮೊದಲೇ ಹೋಗಿತ್ತು, ಊರು ಎಂಬ ಹೆಸರು ಆಮೇಲೆ ಬಂತು.

ಈಗ ನನಗೆ ಬರುವ ಫೋನುಗಳೆಲ್ಲ ತೋಟದ ಮನೆಗಳಿಂದ. ಫೀಡರ್ ಬೇರೆ ಮಾಡಿದಾಗ ಹೊಲದಲ್ಲಿ ಮನೆ ಕಟ್ಟಿಕೊಂಡವರು ಪಂಪ್‌ಸೆಟ್ ಫೀಡರಿನಲ್ಲೇ ಉಳಿದರು. ಮೋಟರಿಗೆ ಕರೆಂಟು ಇದ್ದಾಗ ಮಾತ್ರ ಅವರ ಮನೆಗೂ ದೀಪ. "ಕಾಕಾ, ಹುಡುಗಿದು ಹತ್ತನೇತ್ತ ಪರೀಕ್ಷಿ ಅದ, ಏನರ ಮಾಡ್ರಿ" ಅನ್ನುತ್ತಾರೆ. ಕಂಡೆನ್ಸರ್ ಕಟ್ಟಿಕೊಳ್ಳಲಾ ಎಂದು ಕೇಳಿದವರಿಗೆ ಬೇಡವೇ ಬೇಡ ಅನ್ನುತ್ತೇನೆ. ಅಕ್ಕಪಕ್ಕದ ನಾಲ್ಕೈದು ತೋಟದ ಮನೆಯವರು ಸೇರಿ ಊರಿನ ಫೀಡರಿನಿಂದ ಲೈನ್ ಬೇಕು ಎಂದು ಒಂದೇ ಅರ್ಜಿ ಕೊಡಿ, ಅದು ಆಗುವ ತನಕ ಸಣ್ಣದೊಂದು ಸೋಲಾರ್ ದೀಪ ಇಟ್ಟುಕೊಳ್ಳಿ ಎಂದು ಹೇಳುತ್ತೇನೆ. ಕಂಬ ಯಾವ ಬದುವಿನ ಮೇಲೆ ಬರಬೇಕು ಎಂದು ಅರ್ಜಿಗೂ ಮೊದಲೇ ಅವರವರಲ್ಲೇ ಮಾತಾಡಿ ಮುಗಿಸಿಕೊಳ್ಳಿ ಎಂದೂ ಹೇಳುತ್ತೇನೆ.